ಕಿಕ್ ಹೊಡೆಯುವ ಮುಂಚೆ: ವರ್ಷಗಟ್ಟಲೆ ನಿಂತ ಬಿಎಸ್‌ಎ ಎಂ20 ಗಾಡಿಯನ್ನು ಮತ್ತೆ ಓಡಿಸುವುದು

ಭರಮಸಾಗರದ ಹತ್ತಿರ ನಮ್ಮ ಸೋದರಮಾವನ ಮನೆ ಹಿಂದೆ ಒಂದು ಹಳೇ ಕೊಟ್ಟಿಗೆ ಇದೆ. ಅದರ ಮೂಲೆಯಲ್ಲಿ, ಶೇಂಗಾ ಚೀಲ ಮತ್ತು ಮುರಿದ ಕೂರಿಗೆಯ ಹಿಂದೆ, ಒಂದು ಬಿಎಸ್‌ಎ ಎಂ20 ನಿಂತಿತ್ತು. ಇಪ್ಪತ್ತೆಂಟು ವರ್ಷ ಯಾರೂ ಮುಟ್ಟಿರಲಿಲ್ಲ. ಹೊರಗೆ ತಂದ ದಿನ ಓಣಿ ಹುಡುಗರೆಲ್ಲ ಸುತ್ತ ಸೇರಿದರು. "ಒಂದು ಕಿಕ್ ಹೊಡಿರಿ ಅಣ್ಣ, ನೋಡಾಣ" ಅಂದರು. ಮಾವ ಕೈ ಅಡ್ಡ ಹಿಡಿದರು. "ಅವಸರ ಮಾಡಬ್ಯಾಡಪ್ಪ. ಎಣ್ಣಿ ಎಲ್ಲಿ ಕುಂತೈತೋ ನೋಡು ಮೊದ್ಲು."

ಮಾವನ ಆ ಮಾತಿನ ಬೆಲೆ ನನಗೆ ಗೊತ್ತಿತ್ತು. ಅದಕ್ಕೂ ಹಿಂದೆ ಬೇರೊಂದು ಹಳೇ ಗಾಡಿಯನ್ನು ತಂದ ದಿನವೇ ಕಿಕ್ ಹೊಡೆದು ಸ್ಟಾರ್ಟ್ ಮಾಡಿದ್ದೆ. ಮೂರು ನಿಮಿಷ ಚೆನ್ನಾಗಿ ಓಡಿತು. ಒಳಗೆ ಎಣ್ಣೆ ಹರಿಯುತ್ತಲೇ ಇರಲಿಲ್ಲ. ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಪೂರಾ ಗೀರಿ ಹೋಯಿತು. ಎಷ್ಟೋ ವರ್ಷ ಸುರಕ್ಷಿತವಾಗಿ ನಿಂತಿದ್ದ ಇಂಜಿನ್ ನನ್ನ ಮೂರು ನಿಮಿಷದ ಆಸೆಗೆ ಹಾಳಾಯಿತು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಸ್ಟಾರ್ಟ್ ಮಾಡುವ ವಿಷಯ ತುಂಬಾ ಕೆಳಗೆ ಬರುತ್ತದೆ. ದಯವಿಟ್ಟು ಹಾರಿಸಿ ಓದಬೇಡಿ.

ನಾನು ಎಂ20 ಇಟ್ಟುಕೊಂಡೇ ಹೇಳುತ್ತೇನೆ. 1937ರಿಂದ 1955ರವರೆಗೆ ತಯಾರಾದ ಗಾಡಿ ಇದು. 496 ಸಿಸಿ, ಒಂದೇ ಸಿಲಿಂಡರ್, ಸೈಡ್ ವಾಲ್ವ್. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಲಕ್ಷಕ್ಕೂ ಜಾಸ್ತಿ ಗಾಡಿ ತರಿಸಿಕೊಂಡಿತ್ತು. ಯುದ್ಧ ಮುಗಿದ ಮೇಲೆ ಸೈನ್ಯ ಮಾರಿದ ಇಂಥ ಗಾಡಿಗಳನ್ನು ನಮ್ಮ ಹಿರಿಯರು ಡಿಸ್ಪೋಸಲ್ ಗಾಡಿ ಅನ್ನುತ್ತಿದ್ದರು. ನಿಮ್ಮದು ಮ್ಯಾಚ್‌ಲೆಸ್, ನಾರ್ಟನ್, ಟ್ರಯಂಫ್ ಅಥವಾ ಹಳೇ ಬುಲೆಟ್ ಆಗಿದ್ದರೂ ಕೆಲಸದ ಕ್ರಮ ಇದೇ. ಅಳತೆಗಳನ್ನು ಮಾತ್ರ ನಿಮ್ಮ ಗಾಡಿಯ ಪುಸ್ತಕದಿಂದಲೇ ತೆಗೆದುಕೊಳ್ಳಿ.

ಮೊದಲು ಕಾಗದ

ಪಾನಾ ಕೈಗೆತ್ತಿಕೊಳ್ಳುವ ಮುಂಚೆ ಆರ್‌ಸಿ ಹುಡುಕಿ. ಹಳೇ ಟ್ರಂಕು, ದೇವರ ಕೋಣೆಯ ಕಪಾಟು, ಭೂಮಿ ಪತ್ರಗಳ ಕಟ್ಟು, ಎಲ್ಲಾ ಕಡೆ ನೋಡಿ. ಸಿಕ್ಕರೆ ಅದರಲ್ಲಿರುವ ಚಾಸಿಸ್ ನಂಬರು, ಇಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ಹೊಂದುತ್ತವಾ ನೋಡಿ. ಸೈನ್ಯದ ಎಂ20ಗಳಲ್ಲಿ ಫ್ರೇಮಿನ ನಂಬರು, ಇಂಜಿನ್ ನಂಬರು ಒಂದೇ ಆಗಿರುವುದಿಲ್ಲ. ಅದಕ್ಕೆ ಗಾಬರಿ ಬೇಡ. ಎರಡೂ ಆರ್‌ಸಿಯಲ್ಲಿ ಬರೆದಂತೆ ಇದ್ದರೆ ಸಾಕು. ಬಣ್ಣ ಹೊಡೆಸುವ ಮುಂಚೆಯೇ ಎರಡೂ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಫೋಟೊ ಹೊಡೆದುಕೊಳ್ಳಿ. ಉಜ್ಜಿ ಬಣ್ಣ ಹೊಡೆದ ಮೇಲೆ ಆ ಅಕ್ಷರ ಓದುವುದೇ ಕಷ್ಟ.

ಸ್ವಂತ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಇನ್ನೊಂದು ದಾರಿ 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 'ವಿಎ' ಸರಣಿಯ ನಂಬರು ಕೊಡುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಆದರೆ ಆ ನಂಬರಿನ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ದಾವಣಗೆರೆಯ ಕೆಎ 17 ಆಗಲಿ, ಚಿತ್ರದುರ್ಗದ ಕೆಎ 16 ಆಗಲಿ, ಕಚೇರಿಗೆ ಒಮ್ಮೆ ಹೋಗಿ ನಿಮ್ಮ ಗಾಡಿಗೆ ಯಾವ ದಾರಿ ಅಂತ ಕೇಳಿಕೊಂಡು ಬನ್ನಿ. ಹಣ ಸುರಿದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು.

ನಮ್ಮ ಪಾನಾ ಇದಕ್ಕೆ ಕೂರುವುದಿಲ್ಲ

ಹಳೇ ಬ್ರಿಟಿಷ್ ಗಾಡಿಯ ನಟ್ಟು ಬೋಲ್ಟುಗಳು ವಿಟ್‌ವರ್ತ್ ಅಳತೆಯವು. ಮನೆಯಲ್ಲಿರುವ 12, 13, 14ರ ಪಾನಾ ಹಾಕಿದರೆ ಹೆಚ್ಚು ಕಡಿಮೆ ಕೂತ ಹಾಗೆ ಕಾಣುತ್ತದೆ. ಜೋರು ಕೊಟ್ಟ ತಕ್ಷಣ ಜಾರಿ ನಟ್ಟಿನ ಮೂಲೆ ಸವೆಯುತ್ತದೆ. ಎಂಬತ್ತು ವರ್ಷ ಉಳಿದ ನಟ್ಟು ಒಂದೇ ಮಧ್ಯಾಹ್ನದಲ್ಲಿ ಉರುಟಾಗುತ್ತದೆ. ಒಂದು ಸೆಟ್ ವಿಟ್‌ವರ್ತ್ ಪಾನಾ, ಬಾಕ್ಸ್ ಪಾನಾ ತರಿಸಿಕೊಳ್ಳಿ. ಅದರ ಮೇಲಿನ ನಂಬರು ನಟ್ಟಿನ ಅಗಲವಲ್ಲ, ಬೋಲ್ಟಿನ ದಪ್ಪ. ಹಾಗಾಗಿ ಕಾಲು ಇಂಚು ಅಂತ ಬರೆದ ಪಾನಾ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿಯೇ ಅಗಲ ಇರುತ್ತದೆ.

ಬಿಗಿದುಕೊಂಡ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬರದಿದ್ದರೆ ಇನ್ನೊಂದು ರಾತ್ರಿ. ಹಾಳಾದ ಥ್ರೆಡ್‌ಗೆ ಸಿಕ್ಕಿದ ಮೆಟ್ರಿಕ್ ಬೋಲ್ಟನ್ನು ಒತ್ತಿ ತಿರುಗಿಸಬೇಡಿ. ಬುಷ್ ಮಾಡಿಸುವುದು, ಥ್ರೆಡ್ ಹಾಕಿಸುವುದು ಇದ್ದರೆ ಹರಿಹರದ ಕಡೆ ವಿಚಾರಿಸಿ. ಮೈಸೂರು ಕಿರ್ಲೋಸ್ಕರ್ ಲೇತುಗಳು ತಯಾರಾಗುತ್ತಿದ್ದ ಊರು ಅದು. ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅಳತೆ ಹಿಡಿಯುವ ಕೈಗಳು ಆ ಭಾಗದಲ್ಲಿ ಇನ್ನೂ ಇವೆ.

ಇಂಜಿನ್ ತಿರುಗುತ್ತದಾ?

ಕಿಕ್ಕರ್ ಮುಟ್ಟಬೇಡಿ. ಪ್ಲಗ್ ಬಿಚ್ಚಿ, ಗಾಡಿಯನ್ನು ಹಿಂದಿನ ಸ್ಟ್ಯಾಂಡಿಗೆ ಹಾಕಿ, ಟಾಪ್ ಗೇರಿಗೆ ತನ್ನಿ. ಈಗ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಮುಂದೆ ತಿರುಗಿಸಿ. ಪಿಸ್ಟನ್ ಅಲ್ಲಾಡಿದರೆ ಕೈಗೆ ಗೊತ್ತಾಗುತ್ತದೆ. ಅಲ್ಲಾಡದಿದ್ದರೆ ಅಲ್ಲೇ ನಿಲ್ಲಿಸಿ. ಅಂಟಿಕೊಂಡ ಇಂಜಿನ್ನಿನ ಕಿಕ್ಕರ್ ಮೇಲೆ ಹತ್ತಿ ನಿಂತರೆ ಒಳಗಿನ ಕಿಕ್ ಗೇರಿನ ಹಲ್ಲು ಮುರಿಯುತ್ತದೆ.

ಸೈಡ್ ವಾಲ್ವ್ ಇಂಜಿನ್ನಿನ ದೊಡ್ಡ ಅನುಕೂಲ ಇಲ್ಲಿದೆ. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುತ್ತವೆ. ಹೆಡ್ ಅಂದರೆ ಬರೀ ಒಂದು ಮುಚ್ಚಳ. ಬೋಲ್ಟು ಬಿಚ್ಚಿ ಎತ್ತಿದರೆ ಪಿಸ್ಟನ್, ಬೋರ್, ಎರಡೂ ವಾಲ್ವು ಕಣ್ಣೆದುರಿಗೆ ಬರುತ್ತವೆ. ಒಳಗೆ ಏನಿದೆ ಅಂತ ಊಹಿಸುವ ಬದಲು ನೋಡಿಯೇ ಬಿಡಿ.

ಪಿಸ್ಟನ್ ಅಂಟಿದ್ದರೆ ಡೀಸೆಲ್ ಮತ್ತು ಎಟಿಎಫ್ ಎಣ್ಣೆ (ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ) ಸಮ ಸಮ ಬೆರೆಸಿ ಪಿಸ್ಟನ್ ಮೇಲೆ ಸುರಿಯಿರಿ. ಇಳಿದ ಹಾಗೆಲ್ಲ ಮತ್ತೆ ಹಾಕಿ. ಒಂದು ವಾರ, ಬೇಕಾದರೆ ಎರಡು ವಾರ. ದಿನಕ್ಕೊಮ್ಮೆ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಸ್ವಲ್ಪವೇ ಅಲ್ಲಾಡಿಸಿ. ಹೊಡೆಯಲೇಬೇಕಾದರೆ ಮರದ ತುಂಡು ಇಟ್ಟು ರಬ್ಬರ್ ಸುತ್ತಿಗೆಯಿಂದ ಮೆತ್ತಗೆ.

ನಮ್ಮ ಗಾಡಿಯಲ್ಲಿ ಪಿಸ್ಟನ್ ತಿರುಗಿತು. ನಮ್ಮ ಸೀಮೆಯ ಒಣ ಹವೆಗೆ ಕೃತಜ್ಞನಾಗಿದ್ದೇನೆ. ಕರಾವಳಿಯಲ್ಲಿ ಅಷ್ಟು ವರ್ಷ ನಿಂತಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಆದರೂ ಬೋರಿನಲ್ಲಿ ಉಂಗುರದ ಹಾಗೆ ಒಂದು ತುಕ್ಕಿನ ಗೆರೆ ಇತ್ತು. ಗಾಡಿ ನಿಂತಾಗ ಒಂದು ವಾಲ್ವು ತೆರೆದೇ ಇದ್ದರೆ ಹೊರಗಿನ ತೇವ ಅಲ್ಲಿಂದ ಒಳಗೆ ಬರುತ್ತದೆ. ಉಗುರಿನಿಂದ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಹೋನಿಂಗ್ (ಕಲ್ಲಿನಿಂದ ಒಳಗೋಡೆ ತಿಕ್ಕಿಸುವುದು) ಸಾಕು. ಸಿಕ್ಕಿಕೊಂಡರೆ ಬೋರಿಂಗ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸಬೇಕು. ಎಂ20ಗೆ ಪಿಸ್ಟನ್, ರಿಂಗು, ವಾಲ್ವು ಇಂದಿಗೂ ತಯಾರಾಗುತ್ತವೆ.

ಹೆಡ್ ತೆಗೆದಾಗಲೇ ಇನ್ನೆರಡು ಪರೀಕ್ಷೆ ಮಾಡಿಬಿಡಿ. ಪಿಸ್ಟನ್ ಮೇಲ್ಗಡೆ ಬಂದಾಗ ಎರಡೂ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಬಿಡಿ. ಕಟ್ ಅಂತ ಸದ್ದು ಬಂದು ಪಿಸ್ಟನ್ ಸಡಿಲವಾಗಿ ಆಡಿದರೆ ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ. ಆಗ ಇಂಜಿನ್ ಪೂರಾ ಬಿಚ್ಚಲೇಬೇಕು. ಆಮೇಲೆ ವಾಲ್ವು ಮುಚ್ಚಿರುವಾಗ ಅದರ ಸುತ್ತ ಸೀಮೆಎಣ್ಣೆ ಹಾಕಿ. ಪೋರ್ಟಿನೊಳಗೆ ಒಸರಿದರೆ ವಾಲ್ವು ಗ್ರೈಂಡಿಂಗ್ ಬೇಕು.

ಕೂಡಿಸುವಾಗ ಟ್ಯಾಪೆಟ್ ಸಂದು, ಅಂದರೆ ವಾಲ್ವು ಮತ್ತು ಅದನ್ನು ಎತ್ತುವ ಟ್ಯಾಪೆಟ್ ನಡುವಿನ ಅಂತರ ನೋಡಿ. ಇಂಜಿನ್ ತಣ್ಣಗಿರುವಾಗ ಇನ್ಲೆಟ್ 0.010 ಇಂಚು, ಎಕ್ಸಾಸ್ಟ್ 0.012 ಇಂಚು. ಪೂರಾ ತಾಮ್ರದ ಗ್ಯಾಸ್ಕೆಟ್ ಆದರೆ ಕೆಂಪಗೆ ಕಾಯಿಸಿ ನೀರಲ್ಲಿ ಅದ್ದಿ. ತಾಮ್ರ ಮತ್ತೆ ಮೆತ್ತಗಾಗಿ ಚೆನ್ನಾಗಿ ಕೂರುತ್ತದೆ. ಹೆಡ್ ಬೋಲ್ಟನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಎಣ್ಣೆ ಎಲ್ಲಿ ಕೂತಿದೆ

ಮಾವ ಹೇಳಿದ ಮಾತಿಗೆ ಬಂದೆವು. ಈ ಗಾಡಿಯಲ್ಲಿ ಎಣ್ಣೆಗೆ ಬೇರೆಯೇ ಟ್ಯಾಂಕ್ ಇದೆ. ಪಂಪು ಅಲ್ಲಿಂದ ಎಣ್ಣೆ ಎಳೆದು ಇಂಜಿನ್ನಿಗೆ ಕೊಡುತ್ತದೆ. ಕೆಳಗೆ ಬಿದ್ದ ಎಣ್ಣೆಯನ್ನು ಮತ್ತೆ ಎತ್ತಿ ಟ್ಯಾಂಕಿಗೆ ಹಾಕುತ್ತದೆ. ಗಾಡಿ ಬಹಳ ದಿನ ನಿಂತರೆ ಟ್ಯಾಂಕಿನ ಎಣ್ಣೆ ಪಂಪಿನ ಗೇರುಗಳ ಸಂದಿನಲ್ಲಿ ಮೆಲ್ಲಗೆ ಇಳಿದು ಇಂಜಿನ್ ತಳದ ಕ್ರ್ಯಾಂಕ್ ಕೇಸಿನಲ್ಲಿ ತುಂಬಿಕೊಳ್ಳುತ್ತದೆ.

ಜನ ಏನು ಮಾಡುತ್ತಾರೆ ಅಂದರೆ, ಟ್ಯಾಂಕ್ ತೆಗೆದು ನೋಡುತ್ತಾರೆ. ಖಾಲಿ ಇದೆ. ಸೀದಾ ಹೊಸ ಎಣ್ಣೆ ತುಂಬುತ್ತಾರೆ. ಕೆಳಗೆ ಹಳೇ ಎಣ್ಣೆ ತುಂಬಿರುತ್ತದೆ, ಮೇಲೆ ಹೊಸದೂ ತುಂಬಿರುತ್ತದೆ. ಸ್ಟಾರ್ಟ್ ಆದರೆ ಓಣಿ ತುಂಬಾ ನೀಲಿ ಹೊಗೆ, ಸಂದುಸಂದಿನಿಂದ ಎಣ್ಣೆ.

ಮೊದಲು ಇಂಜಿನ್ ತಳದಲ್ಲಿರುವ ತಟ್ಟೆ ಬಿಚ್ಚಿ. ನಾಲ್ಕು ನಟ್ಟು ಇರುತ್ತವೆ. ಅದರ ಮೇಲೆ ಒಂದು ಜಾಲರಿ ಇರುತ್ತದೆ. ಕೆಳಗೆ ಅಗಲವಾದ ಬೋಗುಣಿ ಇಡಿ. ಬಂದ ಎಣ್ಣೆಯನ್ನು ಸುಮ್ನೆ ಚೆಲ್ಲಬೇಡಿ. ಬಿಳೀ ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿದು ನೋಡಿ. ಚಿನ್ನದ ಬಣ್ಣದ ಪುಡಿ ಹೊಳೆದರೆ ಯಾವುದೋ ಬುಷ್ ಸವೆದಿದೆ. ಅಯಸ್ಕಾಂತಕ್ಕೆ ಅಂಟುವ ಚೂರು ಬಂದರೆ ಬೇರಿಂಗ್ ಅಥವಾ ಗೇರಿನದು. ಕಪ್ಪು ಕೆಸರು ಮಾತ್ರ ಬಂದರೆ ಸಮಾಧಾನ. ಎಣ್ಣೆ ಟ್ಯಾಂಕನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಿರಿ. ತಳದ ಕೆಸರು ಒಣಗಿ ಡಾಂಬರಿನ ಹಾಗೆ ಆಗಿರುತ್ತದೆ. ಪೈಪುಗಳನ್ನು ಊದಿ ನೋಡಿ. ನಮ್ಮ ಗಾಡಿಯ ಒಂದು ಪೈಪಿನ ರಬ್ಬರ್ ತುಂಡು ಒಳಗಿನಿಂದಲೇ ಉದುರಿ ಅರ್ಧ ಮುಚ್ಚಿಕೊಂಡಿತ್ತು. ಹೊರಗೆ ಏನೂ ಕಾಣುತ್ತಿರಲಿಲ್ಲ.

ನಮ್ಮ ಬಿಸಿಲಿಗೆ ನಾನು ಎಸ್‌ಎಇ 40 ಎಣ್ಣೆ ಹಾಕುತ್ತೇನೆ. ಅದು ಸಿಗದಿದ್ದರೆ 20ಡಬ್ಲ್ಯು-50 ನಡೆಯುತ್ತದೆ. ಇಂದಿನ ಎಣ್ಣೆಗಳಲ್ಲಿ ಕೊಳೆ ಕೀಳುವ ಗುಣ ಇರುತ್ತದೆ. ಒಳಗಿನ ಕೆಸರು ತೊಳೆಯದೆ ಅದನ್ನು ಹಾಕಿದರೆ ಕೆಸರು ಎದ್ದು ಎಣ್ಣೆ ದಾರಿಗಳಿಗೆ ಹೋಗಿ ಕೂರುತ್ತದೆ. ತೊಳೆದ ಮೇಲೆ ಹಾಕಿದರೆ ಭಯವಿಲ್ಲ.

ಈಗ ಮುಖ್ಯ ಕೆಲಸ. ಟ್ಯಾಂಕಿಗೆ ಎಣ್ಣೆ ಹಾಕಿ. ಪ್ಲಗ್ ತೂತಿನಿಂದ ಒಂದೆರಡು ಚಮಚ ಎಣ್ಣೆ ಒಳಗೆ ಬಿಡಿ. ಪ್ಲಗ್ ಇಲ್ಲದೆ, ಟಾಪ್ ಗೇರಿನಲ್ಲಿ, ಹಿಂದಿನ ಚಕ್ರವನ್ನು ತಿರುಗಿಸುತ್ತಾ ಹೋಗಿ. ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿ. ವಾಪಸ್ ಬರುವ ಪೈಪಿನಿಂದ ಗುಳ್ಳೆ ಗುಳ್ಳೆಯಾಗಿ ಎಣ್ಣೆ ಉಗುಳಬೇಕು. ನಮಗೆ ಅದಕ್ಕೆ ಅರ್ಧ ಗಂಟೆ ಬೇಕಾಯಿತು. ಇಬ್ಬರ ತೋಳೂ ಸೋತವು. ಆ ಮೊದಲ ಗುಳ್ಳೆ ಬಂದಾಗ ಮಾವ ಟಾರ್ಚ್ ಹಿಡಿದು ಮಗುವಿನ ಹಾಗೆ ನಕ್ಕರು. ಅದು ಬರುವ ತನಕ ಮುಂದಕ್ಕೆ ಹೋಗಬೇಡಿ.

ಮ್ಯಾಗ್ನೆಟೊ: ಬ್ಯಾಟರಿ ಬೇಡದ ಕಿಡಿ

ಹೊಸ ಗಾಡಿ ರಿಪೇರಿ ಮಾಡುವವರು ಇಲ್ಲೇ ತಪ್ಪುತ್ತಾರೆ. ಬ್ಯಾಟರಿ ಹಾಕಿ, ವೈರು ಹುಡುಕಿ ದಿನಗಟ್ಟಲೆ ಒದ್ದಾಡುತ್ತಾರೆ. ಎಂ20 ಸ್ಟಾರ್ಟ್ ಆಗಲು ಬ್ಯಾಟರಿಯೇ ಬೇಡ. ಲೂಕಾಸ್ ಮ್ಯಾಗ್‌ಡೈನೊದಲ್ಲಿ ಕೆಳಗೆ ಮ್ಯಾಗ್ನೆಟೊ, ಮೇಲೆ ಲೈಟಿಗೆ ಡೈನಮೊ. ಮ್ಯಾಗ್ನೆಟೊ ತನ್ನ ಕರೆಂಟು ತಾನೇ ಹುಟ್ಟಿಸಿಕೊಳ್ಳುತ್ತದೆ. ಅಯಸ್ಕಾಂತದ ನಡುವೆ ತಂತಿ ಸುತ್ತಿದ ಆರ್ಮೆಚರ್ ತಿರುಗುತ್ತದೆ. ಪಾಯಿಂಟ್ (ಕರೆಂಟು ಕಡಿಯುವ ಸಣ್ಣ ಸ್ವಿಚ್ಚು) ತೆರೆದ ಕ್ಷಣ ಒಳಸುತ್ತಿನ ಕರೆಂಟು ಕಡಿದು, ಹೊರಸುತ್ತಿನಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ.

ಮೊದಲು ಪರೀಕ್ಷೆ. ಒಳ್ಳೇ ಪ್ಲಗ್ ತಂದು ಸಂದು 0.018 ಇಂಚು ಇಟ್ಟು, ಹೆಡ್ಡಿಗೆ ತಾಗಿಸಿ ಮಲಗಿಸಿ. ಹತ್ತಿರ ಪೆಟ್ರೋಲ್ ಇರಬಾರದು. ನೆರಳಲ್ಲಿ ನಿಂತು ಕಿಕ್ ತುಳಿಯಿರಿ. ನೀಲಿಯ ದಪ್ಪ ಕಿಡಿ, ಟಪ್ ಅಂತ ಸದ್ದು ಬಂದರೆ ಪುಣ್ಯ. ಕೆಂಪಗೆ ಸಣ್ಣಗೆ ಬಂದರೆ ಅಥವಾ ಬರದೇ ಹೋದರೆ ಕೆಳಗಿನ ಕ್ರಮದಲ್ಲಿ ಹೋಗಿ.

ಪಾಯಿಂಟ್ ಮುಚ್ಚಳ ತೆಗೆಯಿರಿ. ವರ್ಷಗಟ್ಟಲೆ ನಿಂತ ಪಾಯಿಂಟಿನ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿರುತ್ತದೆ. ನುಣುಪು ಉಪ್ಪುಕಾಗದದಿಂದ ಉಜ್ಜಿ, ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಒರೆಸಿ. ಪೂರಾ ತೆರೆದಾಗ ಸಂದು 0.012 ಇಂಚು ಇಡಿ. ಬಹಳ ಸಲ ಇಷ್ಟಕ್ಕೇ ಕಿಡಿ ಬರುತ್ತದೆ.

ಆಮೇಲೆ ಪ್ಲಗ್ ವೈರು ಬರುವ ಪಿಕ್‌ಅಪ್ ಬಿಚ್ಚಿ. ಒಳಗೆ ಸ್ಪ್ರಿಂಗ್ ಮೇಲೆ ಒಂದು ಕಾರ್ಬನ್ ಬ್ರಷ್ ಇರುತ್ತದೆ. ಅದು ಸಲೀಸಾಗಿ ಹಿಂದೆ ಮುಂದೆ ಆಡಬೇಕು. ಪಿಕ್‌ಅಪ್‌ನಲ್ಲಿ ಕೂದಲಿನಂಥ ಬಿರುಕಿದ್ದರೂ ಕಿಡಿ ಅಲ್ಲೇ ಸೋರಿ ಹೋಗುತ್ತದೆ. ಆ ತೂತಿನಲ್ಲಿ ಪೆನ್ಸಿಲ್ಲಿಗೆ ಸುತ್ತಿದ ಬಟ್ಟೆ ಇಟ್ಟು ಇಂಜಿನ್ ತಿರುಗಿಸಿ. ಬ್ರಷ್ ತಾಗುವ ಸ್ಲಿಪ್ ರಿಂಗಿನ ಕಪ್ಪು ಮಸಿ ಎಲ್ಲಾ ಬಂದುಬಿಡುತ್ತದೆ. ಪ್ಲಗ್ ವೈರು ತಾಮ್ರದ ಎಳೆಯದ್ದೇ ಇರಲಿ.

ಆರ್ಮೆಚರ್ ಹೊರಗೆ ಎಳೆಯುವ ಹಾಗಿದ್ದರೆ ಒಂದು ಎಚ್ಚರಿಕೆ. ಪಿಕ್‌ಅಪ್, ಅರ್ತ್ ಬ್ರಷ್, ಸೇಫ್ಟಿ ಸ್ಕ್ರೂ ಮೂರನ್ನೂ ಮೊದಲು ಬಿಚ್ಚಿ. ಒಂದನ್ನು ಮರೆತು ಎಳೆದರೆ ಸ್ಲಿಪ್ ರಿಂಗ್ ಒಡೆಯುತ್ತದೆ. ಹಳೇ ಆರ್ಮೆಚರಿನ ಸುತ್ತಿಗೆ ಅರಗಿನ ವಾರ್ನಿಶ್ ಹಚ್ಚಿರುತ್ತಾರೆ. ನಮ್ಮ ಏಪ್ರಿಲ್ ಬಿಸಿಲು, ಇಂಜಿನ್ ಕಾವು ಸೇರಿದರೆ ಅದು ಬೆಲ್ಲದ ಪಾಕದ ಹಾಗೆ ಕರಗಿ ಅಂಟುತ್ತದೆ. ಅಂಥದ್ದಕ್ಕೆ ರೀವೈಂಡಿಂಗ್ ಒಂದೇ ದಾರಿ.

ನನಗೆ ಜಾಸ್ತಿ ಕಾಟ ಕೊಟ್ಟದ್ದು ಇದೇ ಭಾಗ. ಪರ ಊರಿನ ಒಂದು ಅಂಗಡಿಯಲ್ಲಿ ರೀವೈಂಡಿಂಗ್ ಮಾಡಿಸಿದ್ದೆ. ತಣ್ಣಗಿದ್ದಾಗ ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್. ಎಂಟು ಕಿಲೊಮೀಟರ್ ಹೋದರೆ ಪಟಪಟ ಅಂದು ನಿಲ್ಲುತ್ತಿತ್ತು. ಅರ್ಧ ಗಂಟೆ ಮರದಡಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್. ನಾನು ಪೆಟ್ರೋಲ್ ದಾರಿ ಅಂದುಕೊಂಡು ಮೂರು ಸಲ ಕಾರ್ಬೊರೇಟರ್ ಬಿಚ್ಚಿದೆ. ಕೊನೆಗೆ ಗಾಡಿ ನಿಂತ ಜಾಗದಲ್ಲೇ ಪ್ಲಗ್ ಬಿಚ್ಚಿ ಕಿಡಿ ನೋಡಿದೆ. ಕಿಡಿಯೇ ಇರಲಿಲ್ಲ. ಆರ್ಮೆಚರಿನೊಳಗೆ ಕೂತಿರುವ ಕಂಡೆನ್ಸರ್ ಹಳೆಯದನ್ನೇ ಬಿಟ್ಟಿದ್ದರು. ಬಿಸಿಯಾದರೆ ಅದು ಸೋರುತ್ತಿತ್ತು. ಆದ್ದರಿಂದ ರೀವೈಂಡಿಂಗ್‌ಗೆ ಕೊಡುವಾಗ ಬಾಯಿ ಬಿಟ್ಟು ಕೇಳಿ: ಕಂಡೆನ್ಸರ್ ಹೊಸದು ಹಾಕುತ್ತೀರಾ, ಬಿಸಿ ಮಾಡಿ ಪರೀಕ್ಷೆ ಮಾಡುತ್ತೀರಾ? ದಾರಿಯಲ್ಲಿ ಗಾಡಿ ನಿಂತರೆ ಮೊದಲು ಕಿಡಿ ನೋಡಿ, ಆಮೇಲೆ ಪೆಟ್ರೋಲ್.

ಮ್ಯಾಗ್ನೆಟೊ ಕಿತ್ತು ಹಾಕಿ ಕಾಯಿಲ್ ಕೂರಿಸಿಬಿಡಿ ಅಂತ ಹೇಳುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಬ್ಯಾಟರಿ ಸತ್ತು ಬಿದ್ದಿದ್ದರೂ ಮನೆಗೆ ತಂದು ಮುಟ್ಟಿಸುವ ಗಾಡಿ ಇದು. ಆ ಗುಣವನ್ನು ಕಳೆಯಬಾರದು.

ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತಿನ ವಿಷಯ ಒಂದೇ ಮಾತು. ನಿಲ್ಲಿಸಿದ ದಿನ ಗಾಡಿ ಚೆನ್ನಾಗಿ ಓಡುತ್ತಿತ್ತು, ಆಮೇಲೆ ಯಾರೂ ಬಿಚ್ಚಿಲ್ಲ ಅಂದರೆ ಟೈಮಿಂಗ್ ಮುಟ್ಟಬೇಡಿ. ಬಿಚ್ಚಿದ್ದರೆ ಪುಸ್ತಕದ ಅಳತೆಗೆ ಪಿಸ್ಟನ್ ನಿಲ್ಲಿಸಿ, ಪಾಯಿಂಟ್ ನಡುವೆ ಬೀಡಿ ಪ್ಯಾಕಿನ ತೆಳು ಕಾಗದ ಸಿಕ್ಕಿಸಿ. ಕಾಗದ ಜಾರಿ ಬಂದ ಕ್ಷಣವೇ ಪಾಯಿಂಟ್ ತೆರೆಯುವ ಕ್ಷಣ.

ಟ್ಯಾಂಕ್, ಕಾರ್ಬೊರೇಟರ್ ಮತ್ತು ಕಡಜದ ಗೂಡು

ಹಳೇ ಪೆಟ್ರೋಲ್ ವಾಸನೆ ಹುಳಿ ಹುಳಿಯಾಗಿ ಇರುತ್ತದೆ. ಅದನ್ನು ತೆಗೆದು ಟ್ಯಾಂಕಿನೊಳಗೆ ಟಾರ್ಚ್ ಬಿಡಿ. ತುಕ್ಕಿದ್ದರೆ ಸಿಟ್ರಿಕ್ ಆಸಿಡ್ ಪುಡಿ ತನ್ನಿ. ಲೀಟರ್ ಬಿಸಿನೀರಿಗೆ ನೂರು ಗ್ರಾಂ ಲೆಕ್ಕದಲ್ಲಿ ಕಲಸಿ ತುಂಬಿ ಒಂದು ರಾತ್ರಿ ಬಿಡಿ. ಎಂ20 ಟ್ಯಾಂಕಿಗೆ ಒಂದು ಕಿಲೊ ಮೇಲೆ ಬೇಕಾಗುತ್ತದೆ. ಮನೆಯಲ್ಲಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಬೆಳಗುವುದೂ ಇದೇ ಗುಣದಿಂದಲ್ವಾ? ಮಾರನೇ ದಿನ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒಳ್ಳೇ ನೀರು ಹಾಕಿ, ತಕ್ಷಣ ಒಣಗಿಸಿ ಸ್ವಲ್ಪ ಎಣ್ಣೆ ಸುತ್ತಾಡಿಸಿ. ತಡ ಮಾಡಿದರೆ ಕಣ್ಣೆದುರೇ ಮತ್ತೆ ತುಕ್ಕು ಹತ್ತುತ್ತದೆ. ಬಾತ್‌ರೂಮ್ ತೊಳೆಯುವ ಜೋರು ಆಸಿಡ್ ಬೇಡವೇ ಬೇಡ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ.

ಪೆಟ್ರೋಲ್ ಕಾಕ್‌ನಲ್ಲಿ ಬೆಂಡಿನ ಬಿರಡೆ ಇರುತ್ತದೆ. ಒಣಗಿ ಕುಗ್ಗಿ ಸೋರುತ್ತದೆ. ಎಸೆಯುವ ಮುಂಚೆ ಕುದಿಯುವ ನೀರಲ್ಲಿ ಹತ್ತು ನಿಮಿಷ ಇಟ್ಟು ನೋಡಿ. ಉಬ್ಬಿ ಮತ್ತೆ ಸರಿಯಾಗುವುದುಂಟು.

ಅಮಲ್ ಕಾರ್ಬೊರೇಟರ್ ಬಿಚ್ಚಿ ಒಂದೊಂದೇ ಭಾಗ ತಟ್ಟೆಯಲ್ಲಿ ಸಾಲಾಗಿ ಇಡಿ. ಜೆಟ್ ತೂತಿಗೆ ತಂತಿ ಹಾಕಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾಗುತ್ತದೆ. ಬ್ರಷ್ಷಿನ ನೈಲಾನ್ ಎಳೆ ಹಾಕಿ, ಪಂಕ್ಚರ್ ಅಂಗಡಿಯ ಗಾಳಿ ಹಿಡಿಸಿ. ಪೈಲಟ್ ದಾರಿ ತುಂಬಾ ಸಣ್ಣದು. ಅದು ಕಟ್ಟಿದರೆ ಆಕ್ಸಿಲೇಟರ್ ಬಿಟ್ಟ ತಕ್ಷಣ ಗಾಡಿ ಆಫ್ ಆಗುತ್ತದೆ. ಹಿತ್ತಾಳೆ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಗುಳಗುಳ ಅಂದರೆ ತೂತಾಗಿದೆ. ಇಂಜಿನ್ನಿಗೆ ಕೂರುವ ಮುಖ ಬಾಗಿದ್ದರೆ ಗಾಳಿ ಎಳೆಯುತ್ತದೆ. ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಅದರ ಮೇಲೆ ತಿಕ್ಕಿ ಸಮ ಮಾಡಿ. ಪೈಲಟ್ ಸ್ಕ್ರೂ ಪೂರಾ ಒಳಗೆ ಹಾಕಿ ಒಂದೂವರೆ ಸುತ್ತು ಹೊರಗೆ ತನ್ನಿ. ಶುರುಮಾಡಲು ಅಷ್ಟು ಸಾಕು.

ಇನ್ನೊಂದು ನಮ್ಮ ಕಡೆಯ ಸಮಸ್ಯೆ. ತೂತು ಕಂಡಲ್ಲೆಲ್ಲ ಕಡಜ ಮಣ್ಣಿನ ಗೂಡು ಕಟ್ಟುತ್ತದೆ. ಸೈಲೆನ್ಸರ್ ಕೊನೆ, ಕಾರ್ಬೊರೇಟರ್ ಬಾಯಿ, ಎಣ್ಣೆ ಟ್ಯಾಂಕಿನ ಉಸಿರು ಪೈಪು, ಎಲ್ಲವನ್ನೂ ನೋಡಿ. ನಮ್ಮ ಸೈಲೆನ್ಸರಿನಿಂದ ಒಂದು ಬೊಗಸೆ ಗಟ್ಟಿ ಮಣ್ಣು ಬಂತು.

2025ರಿಂದ ಬಂಕುಗಳಲ್ಲಿ ಸಿಗುತ್ತಿರುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲ್. ಎಂ20 ಕಂಪ್ರೆಷನ್ ಸುಮಾರು ಐದಕ್ಕೆ ಒಂದು ಅಷ್ಟೇ, ಉರಿಯುವುದಕ್ಕೆ ತೊಂದರೆ ಇಲ್ಲ. ಆದರೆ ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ತೇವ ಎಳೆದುಕೊಳ್ಳುತ್ತದೆ. ಪೈಪು ಇಂದಿನ ಪೆಟ್ರೋಲ್ ತಡೆಯುವಂಥದ್ದು ಹಾಕಿ. ಗಾಡಿ ಬಿಸಿಯಾಗಿ ಗಾಳಿ ಜಾಸ್ತಿ ಆದ ಹಾಗೆ ಓಡಿದರೆ ಕಾರ್ಬೊರೇಟರ್ ಸೂಜಿಯನ್ನು ಒಂದು ಗೆರೆ ಮೇಲಕ್ಕೆ ಏರಿಸಿ, ಅಂದರೆ ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕಿ.

ಈಗ ಕಿಕ್

ಹತ್ತಿರ ಒಂದು ಬಕೆಟ್ ಮರಳು ಇಡಿ. ಗಟ್ಟಿ ಬೂಟು ಹಾಕಿ, ಚಪ್ಪಲಿ ಬೇಡ. ಹ್ಯಾಂಡಲ್ ಮೇಲಿನ ಟೈಮಿಂಗ್ ಲಿವರ್ ರಿಟಾರ್ಡಿಗೆ, ಅಂದರೆ ಕಿಡಿ ತಡವಾಗಿ ಹಾರುವ ಕಡೆಗೆ ತನ್ನಿ. ಇದನ್ನು ಮರೆತರೆ ಕಿಕ್ಕರ್ ವಾಪಸ್ ಹೊಡೆದು ಕಾಲು ಮುರಿಯಬಹುದು. ಏರ್ ಲಿವರ್ ಮುಚ್ಚಿ. ಪೆಟ್ರೋಲ್ ಬಿಟ್ಟು, ಫ್ಲೋಟ್ ಮೇಲಿನ ಟಿಕ್ಲರ್ ಒತ್ತಿ. ಒಂದೆರಡು ಹನಿ ಹೊರಗೆ ಬಂದರೆ ಸಾಕು.

ಕಿಕ್ಕರ್ ಮೆಲ್ಲಗೆ ಒತ್ತುತ್ತಾ ಹೋಗಿ, ಗಟ್ಟಿ ಸಿಕ್ಕ ಜಾಗದಲ್ಲಿ ನಿಲ್ಲಿ. ಎಕ್ಸಾಸ್ಟ್ ವಾಲ್ವನ್ನು ಎತ್ತಿ ಹಿಡಿಯುವ ಲಿಫ್ಟರ್ ಲಿವರ್ ಹಿಡಿದು ಆ ಗಟ್ಟಿ ಜಾಗವನ್ನು ಸ್ವಲ್ಪವೇ ದಾಟಿಸಿ, ಲಿವರ್ ಬಿಡಿ, ಕಿಕ್ಕರ್ ಮೇಲೆ ತನ್ನಿ. ಈಗ ಒಂದೇ ಉದ್ದ ತುಳಿತ, ಕೊನೆಯವರೆಗೂ. ಅರ್ಧಕ್ಕೆ ಬಿಡಬೇಡಿ. ಆಕ್ಸಿಲೇಟರ್ ಕೂದಲೆಳೆಯಷ್ಟು ತೆರೆದಿರಲಿ.

ನಮ್ಮದು ಏಳನೇ ಕಿಕ್ಕಿಗೆ ಒಂದು ಸಲ ಕೆಮ್ಮಿತು. ಹನ್ನೊಂದನೆಯದಕ್ಕೆ ಸ್ಟಾರ್ಟ್ ಆಯಿತು. ಧಡ್ ಧಡ್ ಧಡ್ ಅಂತ ಆ ನಿಧಾನದ ಸದ್ದು ಬಂದಾಗ ಒಳಗಿನಿಂದ ಅತ್ತೆ ಓಡಿ ಬಂದರು. ಮದುವೆಯಾದ ಹೊಸತರಲ್ಲಿ ಅವರು ಕೂತು ಓಡಾಡಿದ ಗಾಡಿ ಅದು.

ಸ್ಟಾರ್ಟ್ ಆದ ತಕ್ಷಣ ಟೈಮಿಂಗ್ ಮುಂದಕ್ಕೆ, ಏರ್ ಲಿವರ್ ನಿಧಾನಕ್ಕೆ ತೆರೆಯಿರಿ. ಸಂಭ್ರಮ ಇರಲಿ, ಆದರೆ ಮೊದಲ ಅರ್ಧ ನಿಮಿಷದಲ್ಲೇ ಎಣ್ಣೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಎಣ್ಣೆ ವಾಪಸ್ ಬರುತ್ತಿಲ್ಲ ಅಂದರೆ ಆಫ್ ಮಾಡಿ. ಬರುತ್ತಿದ್ದರೆ ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಸೋರಿಕೆ ನೋಡಿ, ತಣಿಯಲು ಬಿಡಿ. ನಿಂತಲ್ಲೇ ಹತ್ತು ಹದಿನೈದು ನಿಮಿಷ ಓಡಿಸಬೇಡಿ. ಗಾಳಿಯಿಂದ ತಣಿಯುವ ಇಂಜಿನ್ ಇದು.

ಓಡುವುದಕ್ಕಿಂತ ನಿಲ್ಲುವುದು ಮುಖ್ಯ

ಟೈರು ನೋಡಲು ಚೆನ್ನಾಗಿದ್ದರೂ ಬದಲಿಸಿ. ಒಣ ಹವೆಯಲ್ಲಿ ರಬ್ಬರ್ ಕಲ್ಲಾಗಿರುತ್ತದೆ. 3.25-19 ಅಳತೆ, ಹಳೇ ಬುಲೆಟ್ಟಿಗೂ ಇದೇ, ದಾವಣಗೆರೆಯಲ್ಲೇ ವಿಚಾರಿಸಬಹುದು. ಟ್ಯೂಬ್, ರಿಮ್ ಟೇಪ್ ಕೂಡ ಹೊಸದು ಹಾಕಿಸಿ.

ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಊದಬೇಡಿ. ಹಳೇ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ, ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಕಟ್ಟಿ ಎಸೆಯಿರಿ. ಶೂಗಳಿಗೆ ಹೊಸ ಲೈನಿಂಗ್ ಕಟ್ಟಿಸಿ. ಬ್ರೇಕ್ ಮತ್ತು ಕ್ಲಚ್ ಕೇಬಲ್ ಹೊಸದೇ ಇರಲಿ. ಚಕ್ರದ ಬೇರಿಂಗ್, ಹ್ಯಾಂಡಲ್ ಬೇರಿಂಗ್, ಮುಂದಿನ ಗರ್ಡರ್ ಫೋರ್ಕಿನ ನಿಪ್ಪಲ್‌ಗಳಿಗೆ ಹಳೇ ಗ್ರೀಸು ಹೊರಬರುವ ತನಕ ಹೊಸದು ತುಂಬಿ.

ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿರುತ್ತವೆ. ಲಿವರ್ ಹಿಡಿದು ಕಟ್ಟಿ ಒಂದು ರಾತ್ರಿ ಬಿಟ್ಟು, ಕಟ್ಟಿದ ಹಾಗೇ ಕಿಕ್ ತುಳಿಯಿರಿ. ಬಿಡದಿದ್ದರೆ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯಬೇಕು. ಲೈಟಿನ ವೈರಿಂಗ್ ಬಟ್ಟೆ ಸುತ್ತಿದ್ದು, ಪುಡಿಪುಡಿ ಆಗಿರುತ್ತದೆ. ಹೊಸ ವೈರಿಂಗ್ ಮಾಡಿಸಿ, ಒಂದು ಫ್ಯೂಸ್ ಸೇರಿಸಿ. 6 ವೋಲ್ಟ್ ಬ್ಯಾಟರಿ ಕೂರಿಸುವ ಮುಂಚೆ ಯಾವ ತುದಿ ಅರ್ತ್ ಅಂತ ನೋಡಿಕೊಳ್ಳಿ. ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುವುದೂ ಉಂಟು.

ಕೊಂಡಜ್ಜಿ ರಸ್ತೆಯಲ್ಲಿ

ಈ ಗಾಡಿಯಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಗಾಬರಿಯಾದಾಗ ಕಾಲು ಹಳೇ ಅಭ್ಯಾಸಕ್ಕೇ ಹೋಗುತ್ತದೆ. ಅದಕ್ಕೆ ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಸುತ್ತಿ, ನಿಲ್ಲಿಸಿ, ಮತ್ತೆ ಸುತ್ತಿ. ಪಿ.ಬಿ. ರಸ್ತೆಯ ಟ್ರಾಫಿಕ್ಕಿಗೆ ಮೊದಲ ದಿನವೇ ತರಬೇಡಿ. ಹೆದ್ದಾರಿ 48ರ ಲಾರಿಗಳ ನಡುವೆಯಂತೂ ಬೇಡವೇ ಬೇಡ. 13 ಕುದುರೆ ಶಕ್ತಿಯ ಗಾಡಿ, ಎಂಬತ್ತು ವರ್ಷದ ಡ್ರಮ್ ಬ್ರೇಕ್. ಅದಕ್ಕೆ ತಕ್ಕ ರಸ್ತೆ ಕೊಡಿ.

ನಾವು ಭಾನುವಾರ ಬೆಳಿಗ್ಗೆ ಆರಕ್ಕೆ ದಾವಣಗೆರೆಯಿಂದ ಕೊಂಡಜ್ಜಿ ಕಡೆ ಹೊರಟೆವು. ನಾನು ಗಾಡಿಯಲ್ಲಿ, ಮಾವ ಹಿಂದೆ ಸ್ಕೂಟರಿನಲ್ಲಿ ಪಾನಾ ಚೀಲ ಇಟ್ಟುಕೊಂಡು. ಮೊದಲ ಐದು ಕಿಲೊಮೀಟರಿಗೆ ನಿಲ್ಲಿಸಿ ಹಬ್ ಮುಟ್ಟಿ ನೋಡಿದೆವು. ಬ್ರೇಕ್ ಹಿಡಿದುಕೊಂಡಿದ್ದರೆ, ಬೇರಿಂಗ್ ಬಿಗಿಯಿದ್ದರೆ ಹಬ್ ಸುಡುತ್ತದೆ. ಹಿಂದಿನ ಚೇನು ಸಡಿಲವಾಗಿತ್ತು, ಅಲ್ಲೇ ಬಿಗಿ ಮಾಡಿದೆವು. ಕೆರೆ ಏರಿ ಮೇಲೆ ಗಾಡಿ ನಿಲ್ಲಿಸಿದಾಗ ಪ್ಲಗ್ ಬಿಚ್ಚಿ ಬಣ್ಣ ನೋಡಿದೆವು. ಬಿಸ್ಕತ್ತಿನ ಕಂದು ಬಣ್ಣ ಬಂದಿದ್ದರೆ ಪೆಟ್ರೋಲ್ ಹದವಾಗಿದೆ. ಬೆಳ್ಳಗಿದ್ದರೆ ಕಡಿಮೆ, ಮಸಿ ಕಪ್ಪಗಿದ್ದರೆ ಜಾಸ್ತಿ. ನಮ್ಮದು ಸ್ವಲ್ಪ ಬೆಳ್ಳಗಿತ್ತು, ಸೂಜಿ ಒಂದು ಗೆರೆ ಏರಿಸಿದೆವು. ವಾಪಸ್ ಬರುವಾಗ ಮಾವ ತಾವೇ ಓಡಿಸಿದರು.

ಮನೆ ಹತ್ತಿರ ಬಂದಾಗ ಅವರು ಓಣಿ ತಿರುವಿನಲ್ಲೇ ಪೆಟ್ರೋಲ್ ಬಂದ್ ಮಾಡಿದರು. ಕಾರ್ಬೊರೇಟರಿನಲ್ಲಿದ್ದದ್ದು ಮುಗಿದು ಗಾಡಿ ಅಂಗಳಕ್ಕೆ ಬರುವಷ್ಟರಲ್ಲಿ ತಾನೇ ಆಫ್ ಆಯಿತು. ಪ್ರತಿ ಸಲ ಹೀಗೇ ಮಾಡಿ. ಎಥನಾಲ್ ಪೆಟ್ರೋಲ್ ಫ್ಲೋಟಿನ ಬಟ್ಟಲಲ್ಲಿ ನಿಲ್ಲಬಾರದು. ಸಂಜೆ ಇಂಜಿನ್ ಪೂರಾ ತಣ್ಣಗಾದ ಮೇಲೆ ಹೆಡ್ ಬೋಲ್ಟುಗಳಿಗೆ ಮತ್ತೆ ಪಾನಾ ಹಾಕಿದೆವು. ಮೂರು ಬೋಲ್ಟು ಕಾಲು ಸುತ್ತು ತಿರುಗಿದವು.